ಮೂತ್ರದ ಚೀಲ ಖಾಲಿ ಮಾಡುವುದಕ್ಕೂ ಒಂದು ಕ್ರಮ ಇದೆ

ಕಲಬುರಗಿಯಲ್ಲಿ ದವಾಖಾನಿಗೆ ಪೇಶಂಟ್ ಒಬ್ಬರೇ ಬರುವುದಿಲ್ಲ. ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ಚಾಪೆ, ಕೌದಿ, ರೊಟ್ಟಿಗಂಟಿನ ಸಮೇತ ಮನೆಯ ಅರ್ಧ ಮಂದಿ ಬರುತ್ತಾರೆ. ರಾತ್ರಿ ವಾರ್ಡಿಗೆ ಸಿಸ್ಟರ್ ಒಬ್ಬರು, ಮಂಚ 30. ಹೀಗಾಗಿ ಮೂತ್ರಕೋಶಕ್ಕೆ ಪೈಪ್ (ಕ್ಯಾಥೆಟರ್) ಹಾಕಿದ ಪೇಶಂಟಿನ ಮೂತ್ರ ತುಂಬುವ ಚೀಲವನ್ನು ಖಾಲಿ ಮಾಡುವ ಕೆಲಸ ಮಗನಿಗೋ ಸೊಸೆಗೋ ಬೀಳುತ್ತದೆ. 22 ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಸಲಾಯಿನ್ ಮುಗಿಯಿತೆಂದು ಓಡೋಡಿ ಬಂದು ಹೇಳುವ ಮಂದಿ ಈ ಚೀಲದ ವಿಷಯದಲ್ಲಿ ಮಾತ್ರ ತಮಗೆ ತಿಳಿದಂತೆ ಮಾಡುತ್ತಾರೆ.

ಮೊದಲು ಅದನ್ನು ಎಲ್ಲಿ ತೂಗುಹಾಕಬೇಕು ನೋಡಿ. ಪೇಶಂಟಿನ ಕಿಬ್ಬೊಟ್ಟೆಗಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ, ಮಂಚದ ಚೌಕಟ್ಟಿಗೆ. ಪಕ್ಕದ ರೇಲಿಂಗಿಗೆ ಸಿಗಿಸಬೇಡಿ. ಯಾರಾದರೂ ರೇಲಿಂಗ್ ಎತ್ತಿದರೆ ಚೀಲವೂ ಮೇಲೇರುತ್ತದೆ. ಎಕ್ಸ್‌ರೇಗೆ ಒಯ್ಯುವಾಗ ಚೀಲವನ್ನು ಪೇಶಂಟಿನ ಹೊಟ್ಟೆಯ ಮೇಲಿಟ್ಟು ಸ್ಟ್ರೆಚರ್ ತಳ್ಳುತ್ತಾರಲ್ಲ, ನಾನು ಕಂಡ ಅತಿ ಕೆಟ್ಟ ರೂಢಿ ಅದು. ತಾಸುಗಟ್ಟಲೆ ನಿಂತ ಮೂತ್ರ ಪೈಪಿನಲ್ಲಿ ಹಿಂದಕ್ಕೆ ಹರಿದರೆ ರೋಗಾಣುಗಳೂ ಅದರ ಜೊತೆಗೇ ಮೂತ್ರಕೋಶ ಸೇರುತ್ತವೆ. ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಚೀಲದಲ್ಲೇ ಇದೆ, ಏನೂ ಆಗಲ್ಲ ಎನ್ನುತ್ತಾರೆ ಮೆಡಿಕಲ್ ಅಂಗಡಿಯವರು. ಅಗ್ಗದ ಚೀಲದ ವಾಲ್ವನ್ನು ನಾನಂತೂ ನಂಬುವುದಿಲ್ಲ.

ಚೀಲ ಮೂರರಲ್ಲಿ ಎರಡು ಪಾಲು ತುಂಬಿತೆಂದರೆ ಖಾಲಿ ಮಾಡುವ ಹೊತ್ತು. ಕೈ ತೊಳೆಯಿರಿ: ಸೋಪಿನಲ್ಲಾದರೆ 40ರಿಂದ 60 ಸೆಕೆಂಡ್, ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡ್, ಒಣಗುವ ತನಕ. ಹೆಬ್ಬೆರಳನ್ನು ಬಹಳ ಮಂದಿ ಮರೆಯುತ್ತಾರೆ. ಆಲ್ಕೊಹಾಲ್ ಶೇ 60ಕ್ಕಿಂತ ಕಡಿಮೆ ಇರುವ ಘಮಘಮ ಸ್ಯಾನಿಟೈಸರ್ ಬರೀ ಅತ್ತರು, ದುಡ್ಡು ಹಾಕಬೇಡಿ. ಆಮೇಲೆ ಗ್ಲೌಸ್ ಹಾಕಿಕೊಳ್ಳಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಅಫಜಲಪುರ ಕಡೆಯ ಒಬ್ಬ ಹುಡುಗ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ ಡಬ್ಬಿ ಮಾಡಿಕೊಂಡಿದ್ದ. ತಂದೆಯ ಚೀಲ ಮುಗಿಸಿ, ಅದೇ ಡಬ್ಬಿ ಹಿಡಿದು ಬಾಜೂ ಮಂಚದ ಮುತ್ಯಾನ ಚೀಲಕ್ಕೂ ಕುಕ್ಕರಗಾಲಲ್ಲಿ ಕೂತ. ಚೀಲದ ನಲ್ಲಿಯ ಮೂತಿ ಬಾಟಲಿಯ ಒದ್ದೆ ಅಂಚಿಗೆ ಉಜ್ಜುತ್ತಿತ್ತು. ‘ಮುತ್ಯಾನ ಕಡೆ ಯಾರೂ ಇಲ್ರಿ ಸಿಸ್ಟರ್, ಅದಕ್ಕ ನಾನ ಮಾಡ್ಲಿಕತ್ತೀನಿ’ ಅಂದ. ಬೈಯಲು ಬಾಯಿ ಬರಲಿಲ್ಲ. ಆದರೆ ಒಂದು ಮಂಚದ ಸೋಂಕು ಇನ್ನೊಂದು ಮಂಚಕ್ಕೆ ದಾಟುವುದು ಹೀಗೆಯೇ.

ಒಬ್ಬ ಪೇಶಂಟಿಗೆ ಒಂದೇ ಜಗ್. ಬಿಳಿ ಪ್ಲಾಸ್ಟರ್ ಅಂಟಿಸಿ ಮಂಚದ ನಂಬರ್ ಬರೆಯಿರಿ. ಜಗ್ ನೆಲದ ಮೇಲಿರಲಿ. ನಲ್ಲಿಯ ಮೂತಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಜಗ್ಗಿನ ಅಂಚಿಗೂ ಒಳಗೋಡೆಗೂ ತಾಗದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ತೆರೆಯಿರಿ. ಅವಸರ ಬೇಡ, ಕೊನೆಯ ಹನಿಯವರೆಗೆ ಇಳಿಯಲಿ. ಮುಚ್ಚಿ, ಮತ್ತೆ ಒರೆಸಿ, ಮೂತಿಯನ್ನು ಅದರ ಜಾಗಕ್ಕೆ ಸಿಗಿಸಿ. ಬೇಗ ಆಗಲೆಂದು ಕೆಲವರು ಚೀಲಕ್ಕೂ ಪೈಪಿಗೂ ಇರುವ ಜೋಡಣೆಯನ್ನೇ ಕೀಳುತ್ತಾರೆ. ಅದನ್ನು ಮುಟ್ಟಲೇಬೇಡಿ, ಅಲ್ಲಿ ಒಮ್ಮೆ ಬಿಚ್ಚಿದರೆ ರೋಗಾಣುಗಳಿಗೆ ಬಾಗಿಲು ತೆರೆದಂತೆ. ಚೀಲದೊಳಗೆ ಫಿನಾಯಿಲ್ಲೋ ಡೆಟಾಲೋ ಸುರಿಯುವುದರಿಂದಲೂ ಉಪಯೋಗವಿಲ್ಲ.

ಎಷ್ಟು ಎಂಎಲ್ ಎಂದು ಬರೆದಿಟ್ಟು ಟಾಯ್ಲೆಟ್ಟಿಗೆ ಸುರಿಯಿರಿ. ರೊಟ್ಟಿ ಡಬ್ಬಿ ತೊಳೆಯುವ ಬೇಸಿನ್ನಿಗಲ್ಲ, ಅದನ್ನೂ ನೋಡಿದ್ದೇನೆ! ಜಗ್ ತೊಳೆದು ಬೋರಲು ಹಾಕಿ. ಗ್ಲೌಸ್ ಬಿಚ್ಚಿ ಎಸೆಯಿರಿ, ತೊಳೆದು ಕಿಟಕಿಯ ಸರಳಿಗೆ ಒಣಹಾಕಬೇಡಿ. ಗ್ಲೌಸ್ ಇತ್ತಲ್ಲ ಎನ್ನದೆ ಕೈಯನ್ನೂ ಮತ್ತೆ ತೊಳೆಯಿರಿ.

ದಿನಕ್ಕೊಮ್ಮೆ ಪೈಪ್ ಮೈಯೊಳಗೆ ಹೋಗುವ ಜಾಗವನ್ನು ಸೋಪು ನೀರಿನಿಂದ ಶುಚಿ ಮಾಡಿದರೆ ಸಾಕು. ಮೇ ತಿಂಗಳ ನಮ್ಮ ಬಿಸಿಲಿಗೆ ನೀರು ಕಡಿಮೆ ಕುಡಿದರೆ ಮೂತ್ರ ಗಾಢ ಹಳದಿಯಾಗುತ್ತದೆ, ಅದೇ ಸೋಂಕಲ್ಲ. (ಹೃದಯ, ಕಿಡ್ನಿ ತೊಂದರೆಯವರಿಗೆ ನೀರೆಷ್ಟು ಎಂದು ಡಾಕ್ಟರೇ ಹೇಳಬೇಕು.) ಚಳಿಜ್ವರ ಬಂದರೆ, ಕಿಬ್ಬೊಟ್ಟೆ ನೋವಿದ್ದರೆ, ಚೀಲಕ್ಕೆ ಹನಿಯೂ ಇಳಿಯದಿದ್ದರೆ ತಡಮಾಡದೆ ಹೇಳಿ.

ಇನ್ನೊಂದು, ರೌಂಡ್ಸಿಗೆ ಬಂದ ಡಾಕ್ಟರಿಗೆ ದಿನವೂ ಕೇಳಿ: ‘ಪೈಪ್ ಇನ್ನೂ ಬೇಕೇನ್ರಿ ಸರ್?’ ಪೈಪ್ ಇರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ 3ರಿಂದ 7ರಷ್ಟು. ಬೇಡ ಎಂದರೆ ನೀವೇ ಎಳೆಯಲು ಹೋಗಬೇಡಿ. ಒಳಗೆ ನೀರು ತುಂಬಿದ ಬಲೂನ್ ಇರುತ್ತದೆ, ಅದನ್ನು ಸಿರಿಂಜಿನಿಂದ ಖಾಲಿ ಮಾಡಿಯೇ ತೆಗೆಯಬೇಕು. ತೆಗೆದ ಮೇಲೆ 6 ತಾಸಾದರೂ ಪೇಶಂಟಿಗೆ ಮೂತ್ರ ಹೋಗದಿದ್ದರೆ, ರಾತ್ರಿ 2 ಗಂಟೆಯೇ ಆಗಿರಲಿ, ಡ್ಯೂಟಿ ಸಿಸ್ಟರಿಗೆ ಹೇಳಿ.