ಎಲ್ಲರೂ ಬಳಸೋ ಕಂಪ್ಯೂಟರ್‌ನಲ್ಲಿ ಹೊರಗಿನ ಸಾಫ್ಟ್‌ವೇರ್ ಎಲ್ಲಿ ಹಾಕೋದು?

ಲಿನಕ್ಸ್ ಡೆಸ್ಕ್‌ಟಾಪ್ ಒಂದೇ, ಲಾಗಿನ್ ನಾಲ್ಕು. ಮಗಳಿಗೆ ಬ್ಲೆಂಡರ್ (3ಡಿ ಚಿತ್ರ ಮಾಡೋ ಸಾಫ್ಟ್‌ವೇರ್) ಬೇಕು ಅಂತ ಅಪ್ಪ ತನ್ನ ಲಾಗಿನ್‌ನಲ್ಲೇ ಕೂತು, ವೆಬ್‌ಸೈಟಿಂದ ಇಳಿಸ್ಕೊಂಡು, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿಚ್ಚಿ, ಡಬಲ್ ಕ್ಲಿಕ್ ಮಾಡಿ, ಓಪನ್ ಆಯ್ತಲ್ಲ ಅಂತ ಎದ್ದು ಹೋಗ್ತಾರೆ. ಆಮೇಲೆ ಮಗಳು ಬಂದು ಕೂತ್ರೆ ಮೆನುಲಿ ಬ್ಲೆಂಡರ್ ಇಲ್ಲ, ಅಪ್ಪನ ಫೋಲ್ಡರ್‌ಗೆ ಹೋಗಿ ತೆಗೆಯೋಣ ಅಂದ್ರೆ ಪರ್ಮಿಷನ್ ಡಿನೈಡ್. ಇದು ಕಂಪ್ಯೂಟರ್ ಕೆಟ್ಟಿರೋದಲ್ಲ. ಉಬುಂಟು ಅನ್ನೋ ಲಿನಕ್ಸ್‌ನಲ್ಲಿ 21.04ನೇ ವರ್ಷನ್‌ನಿಂದ ಈಚೆಗೆ ಹೊಸದಾಗಿ ಮಾಡೋ ಯೂಸರ್‌ಗಳ ಹೋಮ್ ಫೋಲ್ಡರ್‌ಗೆ 750 ಅನ್ನೋ ಪರ್ಮಿಷನ್ ಬರತ್ತೆ, ಅಂದ್ರೆ ಬೇರೆ ಯೂಸರ್ ಒಳಗೆ ಇಣುಕೋಕೂ ಆಗಲ್ಲ. ಮುಂಚೆ 755 ಇತ್ತು, ಅಂದ್ರೆ ಬೇರೆಯವರೂ ಒಳಗೆ ನೋಡಬಹುದಿತ್ತು, ಅದಕ್ಕೇ ಹಳೇ ಟ್ಯುಟೋರಿಯಲ್‌ಗಳಲ್ಲಿ "ನಿಮ್ಮ ಹೋಮ್‌ನಲ್ಲೇ ಹಾಕ್ಕೊಳ್ಳಿ, ಎಲ್ಲರಿಗೂ ಓಡತ್ತೆ" ಅಂತ ಬರೆದಿರೋದು ಈಗ ನಡೆಯಲ್ಲ.

ಸಾಫ್ಟ್‌ವೇರ್ ಸೆಂಟರ್‌ನಲ್ಲಿ ಅಥವಾ ಎಪಿಟಿ (ಉಬುಂಟು ತಾನೇ ಸಾಫ್ಟ್‌ವೇರ್ ತಂದು ಹಾಕೋ, ಅಪ್‌ಡೇಟ್ ಮಾಡೋ ಟೂಲ್) ಕಮಾಂಡ್‌ನಲ್ಲಿ ಸಿಗೋದಾದ್ರೆ ಈ ತಲೆಬಿಸಿ ಯಾವುದೂ ಇಲ್ಲ, ಅಲ್ಲಿಂದಲೇ ಹಾಕ್ಕೊಳ್ಳಿ. ಡೆಬ್ ಫೈಲ್ (ಉಬುಂಟು, ಡೆಬಿಯನ್‌ನ ಇನ್‌ಸ್ಟಾಲ್ ಪ್ಯಾಕೇಜ್) ಸಿಕ್ರೂ ಪರವಾಗಿಲ್ಲ, ಎಲ್ಲಿ ಕೂರಬೇಕು ಅಂತ ಅದಕ್ಕೇ ಗೊತ್ತಿರತ್ತೆ. ತಲೆ ಕೆಡೋದು ಬರೀ ಟಾರ್ (ಜಿಪ್ ಥರದ್ದೇ ಫೈಲ್‌ಗಳ ಕಟ್ಟು) ಅಥವಾ ಜಿಪ್ ಕೊಟ್ಟು "ಬಿಚ್ಕೊಂಡು ಓಡಿಸ್ಕೊಳ್ಳಿ" ಅನ್ನೋವು, ಸೋರ್ಸ್ ಕೋಡ್ ಕೊಟ್ಟು ನೀವೇ ಕಂಪೈಲ್ ಮಾಡ್ಕೊಳ್ಳಿ ಅನ್ನೋವು, ಮತ್ತೆ ಇಡೀ ಪ್ರೋಗ್ರಾಂ ಒಂದೇ ಫೈಲಾಗಿ ಬರೋ ಆ್ಯಪ್‌ಇಮೇಜ್‌ಗಳು.

ಜಾಗ ಆರಿಸೋಕೆ ನನ್ನ ಲೆಕ್ಕದಲ್ಲಿ ಒಂದೇ ಪ್ರಶ್ನೆ ಸಾಕು: ಈ ಫೈಲನ್ನ ಬದಲಾಯಿಸೋ ಅಧಿಕಾರ ಯಾರಿಗಿರಬೇಕು? ಯಾರು ಓಡಿಸ್ತಾರೆ ಅನ್ನೋದನ್ನ ಆಮೇಲೆ ಹೇಗೆ ಬೇಕಾದ್ರೂ ಸರಿ ಮಾಡ್ಕೋಬಹುದು.

(ಕಮಾಂಡ್‌ಗಳನ್ನ ಇಲ್ಲಿ ಬಾಯಲ್ಲಿ ಹೇಳೋ ಥರ ಬರೆದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.)

ಯಾವ ಜಾಗ ಯಾರದು

/ಯುಎಸ್‌ಆರ್ ಅನ್ನೋ ಫೋಲ್ಡರ್ ಎಪಿಟಿದು, ನಿಮ್ಮದಲ್ಲ. ಅಲ್ಲಿರೋ ಬಿನ್, ಲಿಬ್, ಶೇರ್ ಒಳಗೆ ಕೈಯಾರೆ ಏನೂ ಹಾಕ್ಬೇಡಿ. ಹಾಕಿದ್ರೆ ಇವತ್ತು ಓಡತ್ತೆ, ಮುಂದೊಂದು ದಿನ ಅಪ್‌ಡೇಟ್ ಬಂದಾಗ ಅದೇ ಹೆಸರಿನ ಫೈಲ್ ಇದ್ರೆ ಎಪಿಟಿ ಕೇಳದೆ ಅದರ ಮೇಲೆ ಬರೆದುಬಿಡತ್ತೆ.

ಆದ್ರೆ ಅದರೊಳಗೇ ಇರೋ /ಯುಎಸ್‌ಆರ್/ಲೋಕಲ್ ಮಾತ್ರ ಅಡ್ಮಿನ್‌ಗೆ ಅಂತಲೇ ಬಿಟ್ಟಿರೋ ಜಾಗ, ಅಪ್‌ಡೇಟ್ ಬಂದಾಗ ಎಪಿಟಿ ಇಲ್ಲಿನ ಫೈಲ್‌ಗಳ ತಂಟೆಗೆ ಬರಲ್ಲ. ಇನ್ನೊಂದು /ಆಪ್ಟ್, ಓ ಪಿ ಟಿ ಅಂತ ಮೂರೇ ಅಕ್ಷರ. ತನಗೆ ಬೇಕಾದ್ದೆಲ್ಲ ಒಂದೇ ಫೋಲ್ಡರ್‌ನಲ್ಲಿ ಕಟ್ಕೊಂಡು ಬರೋ ಸಾಫ್ಟ್‌ವೇರ್‌ಗೆ ಅದು. ಇದೇನು ನಾನು ಮಾಡಿದ ರೂಲ್ ಅಲ್ಲ, ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ ಅಂತ ಒಂದಿದೆ, 1994ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ 2015ರಲ್ಲಿ 3.0 ಬಂತು, ಅದರಲ್ಲೇ ಹೀಗೆ ಹೇಳಿದೆ. ಗೂಗಲ್ ಕ್ರೋಮ್ ಡೆಬ್ ಹಾಕಿದವರು /ಆಪ್ಟ್ ಒಳಗೆ ನೋಡಿ, ಗೂಗಲ್ ಅಂತ ಫೋಲ್ಡರ್ ಆಗಲೇ ಇರತ್ತೆ.

ಇನ್ನು ನಿಮಗೊಬ್ಬರಿಗೇ ಬೇಕು, ಬೇರೆಯವರಿಗೆ ಬೇಡ ಅನ್ನೋದಾದ್ರೆ ಹೋಮ್‌ನಲ್ಲಿರೋ .ಲೋಕಲ್ ಫೋಲ್ಡರ್. ಹೆಸರಿನ ಮುಂದೆ ಚುಕ್ಕಿ ಇರೋದ್ರಿಂದ ಕಾಣಲ್ಲ, ಕಂಟ್ರೋಲ್ ಎಚ್ ಒತ್ತಿ. ಅದರೊಳಗೆ ಬಿನ್ ಅಂತ ಮಾಡಿ ಪ್ರೋಗ್ರಾಂ ಹಾಕಿ, ಒಂದ್ಸಲ ಲಾಗೌಟ್ ಆಗಿ ಬಂದ್ರೆ ಉಬುಂಟು ತಾನಾಗೇ ಅದನ್ನ ಪಾತ್‌ಗೆ (ಕಮಾಂಡ್ ಟೈಪ್ ಮಾಡಿದಾಗ ಪ್ರೋಗ್ರಾಂ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಸೇರಿಸ್ಕೊಳ್ಳತ್ತೆ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಪಾಸ್‌ವರ್ಡ್ ಬೇಕಾಗಿಲ್ಲ, ಹಾಗಾಗಿ ಕಾಲೇಜ್ ಲ್ಯಾಬ್‌ನಲ್ಲಿ ಸ್ಟೂಡೆಂಟ್‌ಗಳಿಗೆ ಇರೋ ದಾರಿ ಇದೊಂದೇ. ನಾಲ್ಕು ಜನ ನಾಲ್ಕು ಕಡೆ ಹೀಗೇ ಹಾಕ್ಕೊಂಡ್ರೆ ಮಾತ್ರ ಅದೇ ನೂರಾರು ಎಂಬಿ ನಾಲ್ಕು ಸಲ ಡಿಸ್ಕ್ ತಿನ್ನತ್ತೆ, ನಾಲ್ಕೂ ಬೇರೆ ಬೇರೆ ವರ್ಷನ್ ಆಗಿ ಕೂರತ್ತೆ.

ಬ್ಲೆಂಡರ್ ಹಾಕಿ ನೋಡೋಣ

2024ರ ಜುಲೈನಲ್ಲಿ ಬಂದ 4.2 ಎಲ್‌ಟಿಎಸ್ (ಹೆಚ್ಚು ಕಾಲ ಅಪ್‌ಡೇಟ್ ಸಿಗೋ ವರ್ಷನ್) ತಗೊಳ್ಳೋಣ, ಬೇರೆ ವರ್ಷನ್ ಆದ್ರೂ ಇದೇ ಕ್ರಮ. ಟಾರ್ ಫೈಲ್ ಇಳಿಸ್ಕೊಂಡ ಮೇಲೆ ಎಸ್‌ಎಚ್‌ಎ256ಸಮ್ ಕಮಾಂಡ್ ಕೊಟ್ಟು ಬರೋ ಉದ್ದದ ನಂಬರ್, ಸೈಟ್‌ನಲ್ಲಿ ಕೊಟ್ಟಿರೋದಕ್ಕೆ ಸರಿಹೋಗತ್ತಾ ನೋಡಿ. ಸುಡೋ ಹಾಕಿ ಬಿಚ್ಚೋ ಫೈಲ್ ಇದು, ಎರಡು ನಿಮಿಷ ಹೋದ್ರೆ ಹೋಗ್ಲಿ.

ಮೊದಲನೇ ಹೆಜ್ಜೆ ಬಿಚ್ಚೋದು. ಸುಡೋ ಟಾರ್ -ಎಕ್ಸ್‌ಎಫ್, ಆಮೇಲೆ ಫೈಲಿನ ಹೆಸರು, ಆಮೇಲೆ -ಸಿ /ಆಪ್ಟ್ (ಸಿ ಕ್ಯಾಪಿಟಲ್ ಇರಬೇಕು), ಕೊನೇಲಿ --ನೋ-ಸೇಮ್-ಓನರ್. ಈ ಕೊನೇ ತುಂಡನ್ನ ತುಂಬಾ ಜನ ಬಿಡ್ತಾರೆ, ಎಲ್ಲರೂ ಬಳಸೋ ಕಂಪ್ಯೂಟರ್‌ನಲ್ಲಿ ಅದೇ ಮುಖ್ಯ. ಯಾಕಂದ್ರೆ ರೂಟ್ (ಸುಡೋ ಹಾಕಿದಾಗ ಸಿಗೋ, ಎಲ್ಲ ಅಧಿಕಾರ ಇರೋ ಯೂಸರ್) ಆಗಿ ಟಾರ್ ಬಿಚ್ಚಿದಾಗ, ಆ ಫೈಲ್‌ಗಳನ್ನ ಕಟ್ಟಿದವರ ಕಂಪ್ಯೂಟರ್‌ನಲ್ಲಿ ಓನರ್ ಯಾರಿದ್ರೋ ಅದೇ ಇಲ್ಲೂ ಬರತ್ತೆ. ಆ ಹೆಸರಿನ ಯೂಸರ್ ಇಲ್ಲಿ ಇಲ್ಲ ಅಂದ್ರೆ ಅವರ ಯೂಸರ್ ನಂಬರನ್ನೇ ಇಡತ್ತೆ. ಎಷ್ಟೋ ಸಲ ಆ ನಂಬರ್ 1000 ಆಗಿರತ್ತೆ, ಉಬುಂಟು, ಡೆಬಿಯನ್‌ಗಳಲ್ಲಿ ಮೊದಲು ಮಾಡಿದ ಯೂಸರ್‌ಗೆ ಸಿಗೋ ನಂಬರೂ 1000. ಅಂದ್ರೆ ನೀವು ಸುಡೋ ಹಾಕಿ ಭದ್ರವಾಗಿ /ಆಪ್ಟ್‌ನಲ್ಲಿಟ್ಟೆ ಅಂದ್ಕೊಂಡ ಪ್ರೋಗ್ರಾಂನ, ಆ ಮೊದಲನೇ ಯೂಸರ್ ಯಾವ ಪಾಸ್‌ವರ್ಡೂ ಇಲ್ಲದೆ ಬದಲಾಯಿಸಬಹುದು, ಅವರ ಲಾಗಿನ್‌ನಲ್ಲಿ ಓಡೋ ಯಾವ ಕೆಟ್ಟ ಸ್ಕ್ರಿಪ್ಟ್ ಬೇಕಾದ್ರೂ ಬದಲಾಯಿಸಬಹುದು. ಎಲ್‌ಎಸ್ -ಎಲ್ ಕೊಟ್ಟು ನೋಡಿ, ರೂಟ್ ರೂಟ್ ಅಂತ ಎರಡು ಸಲ ಬರಬೇಕು. ಬೇರೆ ಹೆಸರು ಬಂದ್ರೆ ಸುಡೋ ಚೋನ್ (ಸಿ ಎಚ್ ಓ ಡಬ್ಲ್ಯೂ ಎನ್) -ಆರ್ ರೂಟ್:ರೂಟ್ ಅಂತ ಕೊಟ್ಟು ಮುಂದೆ ಫೋಲ್ಡರ್ ಹೆಸರು ಬರೀರಿ, ಇಲ್ಲೂ ಆರ್ ಕ್ಯಾಪಿಟಲ್.

ಆಮೇಲೆ ಪರ್ಮಿಷನ್. ಸುಡೋ ಸಿಎಚ್‌ಮೋಡ್ -ಆರ್ ಎ+ಆರ್‌ಎಕ್ಸ್,ಜಿಓ-ಡಬ್ಲ್ಯೂ, ಮುಂದೆ ಫೋಲ್ಡರ್ ಹೆಸರು. ಮೊದಲನೇ ಆರ್ ಮತ್ತೆ ಎಕ್ಸ್ ಕ್ಯಾಪಿಟಲ್, ಎರಡನೇ ಆರ್ ಸಣ್ಣದು. ದೊಡ್ಡ ಎಕ್ಸ್ ಹಾಕಿದ್ರೆ ಫೋಲ್ಡರ್‌ಗಳಿಗೂ, ಆಗಲೇ ಓಡಿಸೋಕೆ ಆಗೋ ಫೈಲ್‌ಗಳಿಗೂ ಮಾತ್ರ ಎಕ್ಸಿಕ್ಯೂಟ್ ಸಿಗತ್ತೆ. ಸಣ್ಣ ಎಕ್ಸ್ ಹಾಕಿದ್ರೆ ಚಿತ್ರ, ಟೆಕ್ಸ್ಟ್ ಫೈಲ್‌ಗಳೆಲ್ಲ ಪ್ರೋಗ್ರಾಂ ಆಗಿಬಿಡತ್ವೆ. ಯಾರಾದ್ರೂ "777 ಕೊಡಿ ಗುರು, ಎಲ್ಲ ಸರಿಹೋಗತ್ತೆ" ಅಂದ್ರೆ ಕೇಳ್ಬೇಡಿ ದಯವಿಟ್ಟು. ಹೌದು, ಓಡತ್ತೆ. ಜೊತೆಗೆ ಯಾರು ಬೇಕಾದ್ರೂ ಬ್ಲೆಂಡರ್ ತೆಗೆದು ಅದೇ ಹೆಸರಲ್ಲಿ ಬೇರೆ ಏನನ್ನಾದ್ರೂ ಇಡಬಹುದು, ನಾಳೆ ಅದನ್ನ ಕ್ಲಿಕ್ ಮಾಡೋದು ಸುಡೋ ಇರೋ ನೀವೇ.

ಈಗ ಫೋಲ್ಡರ್ ಹೆಸರಲ್ಲಿ ವರ್ಷನ್ ನಂಬರ್ ಇರತ್ತಲ್ಲ, ಅದನ್ನ ಹಾಗೇ ಬಿಡಿ, ರೀನೇಮ್ ಮಾಡ್ಬೇಡಿ. ಬದಲಿಗೆ /ಆಪ್ಟ್/ಬ್ಲೆಂಡರ್ ಅಂತ ಒಂದು ಸಿಮ್‌ಲಿಂಕ್ (ಇನ್ನೊಂದು ಜಾಗಕ್ಕೆ ಕಳಿಸೋ ಶಾರ್ಟ್‌ಕಟ್) ಮಾಡಿ ಆ ಫೋಲ್ಡರ್ ಕಡೆ ತಿರುಗಿಸಿ. ಆಮೇಲೆ ಇನ್ನೊಂದು ಲಿಂಕ್, /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಬ್ಲೆಂಡರ್ ಅನ್ನೋ ಹೆಸರಲ್ಲಿ, ಅದು /ಆಪ್ಟ್/ಬ್ಲೆಂಡರ್/ಬ್ಲೆಂಡರ್ ಕಡೆಗೆ. /ಆಪ್ಟ್ ಪಾತ್‌ನಲ್ಲಿ ಇರಲ್ಲ, /ಯುಎಸ್‌ಆರ್/ಲೋಕಲ್/ಬಿನ್ ಇರತ್ತೆ, ಹಾಗಾಗಿ ಈ ಎರಡನೇ ಲಿಂಕ್ ಇದ್ರೆ ಯಾರ ಲಾಗಿನ್‌ನಲ್ಲಾದ್ರೂ ಟರ್ಮಿನಲ್ ತೆಗೆದು ಬ್ಲೆಂಡರ್ ಅಂತ ಟೈಪ್ ಮಾಡಿದ್ರೆ ಸಾಕು. ಮುಂದೆ ಹೊಸ ವರ್ಷನ್ ಬಂದಾಗ ಅದನ್ನ ಹಳೇದರ ಪಕ್ಕದಲ್ಲೇ ಬಿಚ್ಚಿ, ಮೊದಲನೇ ಲಿಂಕ್ ಒಂದನ್ನ ಹೊಸದರ ಕಡೆ ತಿರುಗಿಸಿದ್ರೆ ಆಯ್ತು, ಸರಿಬರಲಿಲ್ಲ ಅಂದ್ರೆ ವಾಪಸ್ ತಿರುಗಿಸಿ. ತಿರುಗಿಸುವಾಗ ಎಲ್‌ಎನ್ -ಎಸ್‌ಎಫ್‌ಎನ್ ಅಂತಲೇ ಕೊಡಿ. ಕೊನೇ ಎನ್ ಬಿಟ್ರೆ ಹೊಸ ಲಿಂಕ್ ಹಳೇ ಫೋಲ್ಡರ್‌ನ ಒಳಗೆ ಹೋಗಿ ಕೂರತ್ತೆ, ಎರರೂ ಬರಲ್ಲ, ನೀವು ನೋಡ್ತಾ ಇರೋದು ಹಳೇ ವರ್ಷನ್ನೇ.

ಮೆನುಗೆ ಬರಬೇಕಲ್ಲ. ಬ್ಲೆಂಡರ್ ಟಾರ್ ಒಳಗೇ ಡೆಸ್ಕ್‌ಟಾಪ್ ಅನ್ನೋ ಎಕ್ಸ್‌ಟೆನ್ಷನ್‌ದು ಒಂದು ಫೈಲ್ ಮತ್ತೆ ಎಸ್‌ವಿಜಿ ಐಕಾನ್ ಇರತ್ತೆ, ಒಳ್ಳೇ ಜನ. ಆ ಡೆಸ್ಕ್‌ಟಾಪ್ ಫೈಲನ್ನ /ಯುಎಸ್‌ಆರ್/ಲೋಕಲ್/ಶೇರ್/ಅಪ್ಲಿಕೇಷನ್ಸ್ ಒಳಗೆ ಕಾಪಿ ಮಾಡಿ. ಅಪ್ಲಿಕೇಷನ್ಸ್ ಫೋಲ್ಡರ್ ಇಲ್ದೇ ಇರಬಹುದು, ನೀವೇ ಮಾಡ್ಕೊಳ್ಳಿ. ಆಮೇಲೆ ಎಡಿಟ್ ಮಾಡಿ ಎಕ್ಸೆಕ್ ಸಾಲಲ್ಲಿ ಪ್ರೋಗ್ರಾಂನ ಪೂರ್ತಿ ವಿಳಾಸ, ಐಕಾನ್ ಸಾಲಲ್ಲಿ ಎಸ್‌ವಿಜಿಯ ಪೂರ್ತಿ ವಿಳಾಸ ಹಾಕಿ, ಎರಡೂ ವರ್ಷನ್ ನಂಬರ್ ಇಲ್ಲದ /ಆಪ್ಟ್/ಬ್ಲೆಂಡರ್ ಮೂಲಕನೇ ಹೋಗಲಿ. ತುಂಬಾ ಸಾಫ್ಟ್‌ವೇರ್‌ಗಳಲ್ಲಿ ಈ ಫೈಲ್ ಬರಲ್ಲ, ಆಗ ಬೇರೆ ಯಾವುದಾದ್ರೂ ಪ್ರೋಗ್ರಾಂದು ಕಾಪಿ ಮಾಡಿ ಹೆಸರು, ವಿಳಾಸ ಬದಲಾಯಿಸ್ಕೊಳ್ಳಿ.

ಟೆಸ್ಟ್ ಮಾಡೋದು ನಿಮ್ಮ ಲಾಗಿನ್‌ನಲ್ಲಲ್ಲ. ಅಡ್ಮಿನ್ ಲಾಗಿನ್‌ನಲ್ಲಿ ಎಲ್ಲವೂ ಓಡತ್ತೆ. ಸುಡೋ ಇಲ್ಲದ ಯೂಸರ್ ಒಬ್ಬರ ಲಾಗಿನ್‌ಗೆ ಹೋಗಿ ಮೆನುಯಿಂದ ಓಪನ್ ಮಾಡಿ, ಏನಾದ್ರೂ ಸೇವ್ ಮಾಡಿ, ಮುಚ್ಚಿ ಮತ್ತೆ ತೆಗೀರಿ. ಸೆಟ್ಟಿಂಗ್ಸ್ ಬಗ್ಗೆ ಯೋಚನೆ ಬೇಡ, ಬ್ಲೆಂಡರ್ ಅದನ್ನ ಆಯಾ ಯೂಸರ್‌ನ ಹೋಮ್‌ನಲ್ಲಿ .ಕಾನ್ಫಿಗ್ ಒಳಗೆ ಬರ್ಕೊಳ್ಳತ್ತೆ, ಅಪ್ಪನ ಶಾರ್ಟ್‌ಕಟ್ ಕೀಗಳು ಮಗಳಿಗೆ ಬರಲ್ಲ. ಕೆಲವು ಹಳೇ ಪ್ರೋಗ್ರಾಂಗಳು ತಮ್ಮ ಫೋಲ್ಡರ್‌ನಲ್ಲೇ ಸೆಟ್ಟಿಂಗ್ಸ್ ಬರೆಯೋಕೆ ಹೋಗಿ ಆಗದೆ ಬಿದ್ದುಹೋಗ್ತಾವೆ, ಅಂಥವನ್ನ /ಆಪ್ಟ್‌ನಲ್ಲಿ ಇಡೋ ಬದಲು ಬೇಕಾದವರ ಹೋಮ್‌ನಲ್ಲೇ ಇಡಿ.

ಸೋರ್ಸ್‌ನಿಂದ ಕಟ್ಟೋದಾದ್ರೆ

ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಅನ್ನೋ ಮೂರು ಮಂತ್ರದಲ್ಲಿ ಕೊನೇದಕ್ಕೆ ಮಾತ್ರ ಸುಡೋ ಸಾಕು. ಏನೂ ಹೇಳದಿದ್ರೆ ಅದು /ಯುಎಸ್‌ಆರ್/ಲೋಕಲ್‌ಗೇ ಹೋಗತ್ತೆ, ಜಾಗ ಸರಿಯಾಗೇ ಇದೆ. ತೊಂದರೆ ಇರೋದು ತೆಗೆಯುವಾಗ: ಬಿನ್‌ನಲ್ಲಿ ಎರಡು, ಲಿಬ್‌ನಲ್ಲಿ ಹತ್ತು, ಶೇರ್‌ನಲ್ಲಿ ಇನ್ನೆಷ್ಟೋ ಫೈಲ್ ಚೆಲ್ಲಾಡಿರತ್ತೆ, ಅನ್‌ಇನ್‌ಸ್ಟಾಲ್ ಬರೆದಿಟ್ಟಿರೋ ಪುಣ್ಯಾತ್ಮರು ಕಮ್ಮಿ. ಇದಕ್ಕೆ ಗ್ನೂ ಸ್ಟೋ (ಎಸ್ ಟಿ ಓ ಡಬ್ಲ್ಯೂ) ಅಂತ ಪುಟ್ಟ ಟೂಲ್ ಇದೆ, ಎಪಿಟಿಲೇ ಸಿಗತ್ತೆ. ಕಾನ್ಫಿಗರ್ ಮಾಡುವಾಗಲೇ ಪ್ರಿಫಿಕ್ಸ್ (ಎಲ್ಲಿ ಇನ್‌ಸ್ಟಾಲ್ ಆಗಬೇಕು ಅನ್ನೋ ವಿಳಾಸ) ಅಂತ /ಯುಎಸ್‌ಆರ್/ಲೋಕಲ್/ಸ್ಟೋ ಒಳಗೆ ಸಾಫ್ಟ್‌ವೇರ್ ಹೆಸರಿನ ಫೋಲ್ಡರ್ ಕೊಡಿ, ಇನ್‌ಸ್ಟಾಲ್ ಆದ ಮೇಲೆ ಸ್ಟೋ ಫೋಲ್ಡರ್‌ಗೆ ಹೋಗಿ ಸುಡೋ ಸ್ಟೋ ಅಂತ ಆ ಹೆಸರು ಕೊಟ್ರೆ ಎಲ್ಲ ಕಡೆ ಲಿಂಕ್ ಹಾಕ್ಕೊಡತ್ತೆ, -ಡಿ ಕೊಟ್ರೆ (ಕ್ಯಾಪಿಟಲ್) ಎಲ್ಲ ಲಿಂಕ್ ಎತ್ಕೊಂಡು ಹೋಗತ್ತೆ. ಲೈಬ್ರರಿ ಇದ್ರೆ ಸುಡೋ ಎಲ್‌ಡಿಕಾನ್ಫಿಗ್ ಒಂದ್ಸಲ ಓಡಿಸಿ, ಇಲ್ಲಾಂದ್ರೆ ಲೈಬ್ರರಿ ಸಿಗ್ತಿಲ್ಲ ಅಂತ ಗಲಾಟೆ ಮಾಡತ್ತೆ.

ಪಾತ್‌ನಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಸಿಸ್ಟಮ್‌ದಕ್ಕಿಂತ ಮುಂದೆ ಇರತ್ತೆ ಅನ್ನೋದು ನೆನಪಿರಲಿ. ಹೊಸ ಪೈಥಾನ್ ಕಟ್ಟಿ ಮೇಕ್ ಇನ್‌ಸ್ಟಾಲ್ ಅಂದ್ರೆ ಎಲ್ಲಾ ಯೂಸರ್‌ಗಳಿಗೂ ಪೈಥಾನ್3 ಅಂದ ತಕ್ಷಣ ಸಿಸ್ಟಮ್‌ದು ಹೋಗಿ ನಿಮ್ಮದು ಬರತ್ತೆ, ನೀವು ಕೇಳಿದ್ದು ಅದಲ್ಲ. ಪೈಥಾನ್‌ಗೆ ಮೇಕ್ ಆಲ್ಟ್‌ಇನ್‌ಸ್ಟಾಲ್ ಅಂತಲೇ ಇದೆ, ಆಗ 3.12 ಥರ ನಂಬರ್ ಇರೋ ಹೆಸರಲ್ಲಷ್ಟೇ ಕೂರತ್ತೆ. ಪಿಪ್‌ನಿಂದ (ಪೈಥಾನ್‌ನ ಸ್ವಂತ ಇನ್‌ಸ್ಟಾಲರ್) ಹಾಕೋ ಟೂಲ್‌ಗಳಂತೂ ಡೆಬಿಯನ್ 12, ಉಬುಂಟು 23.04ರಿಂದ ಸಿಸ್ಟಮ್ ಪೈಥಾನ್‌ಗೆ ನೇರವಾಗಿ ಹೋಗೋದೇ ಇಲ್ಲ, ಎರರ್ ಕೊಟ್ಟು ನಿಲ್ಲತ್ತೆ. ಅದನ್ನ ಜಬರ್ದಸ್ತಿಲಿ ತಳ್ಳೋ ಆಪ್ಷನ್ ಇದೆ, ಬಳಸ್ಬೇಡಿ. /ಆಪ್ಟ್ ಒಳಗೆ ಒಂದು ವೆನ್ವ್ (ಬೇರೆಯಾಗೇ ಇರೋ ಪೈಥಾನ್ ಫೋಲ್ಡರ್) ಮಾಡಿ, ಅಲ್ಲಿ ಹಾಕಿ, ಕಮಾಂಡ್ ಒಂದಕ್ಕೆ ಮಾತ್ರ /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಲಿಂಕ್ ಕೊಡಿ.

ಆ್ಯಪ್‌ಇಮೇಜ್ ಒಂದೇ ಫೈಲ್, ಅದನ್ನೂ /ಆಪ್ಟ್‌ನಲ್ಲಿಟ್ಟು ಓನರ್ ರೂಟ್, ಪರ್ಮಿಷನ್ 755 ಮಾಡಿದ್ರೆ ಮುಗೀತು. ಉಬುಂಟು 22.04ರಿಂದ ಈಚೆಗೆ ಲಿಬ್‌ಫ್ಯೂಸ್2 ಅನ್ನೋ ಲೈಬ್ರರಿ ತಾನಾಗೇ ಬರಲ್ಲ, ತುಂಬಾ ಆ್ಯಪ್‌ಇಮೇಜ್‌ಗಳು ಅದಿಲ್ಲದೆ ಏಳೋದೇ ಇಲ್ಲ, ಎಪಿಟಿಯಿಂದ ಹಾಕ್ಕೊಳ್ಳಿ.

ಕನ್ನಡ ಫಾಂಟ್‌ಗೂ ಇದೇ ಕಥೆ

ಫಾಂಟ್ ಫೈಲ್ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಬಟನ್ ಒತ್ತಿದ್ರೆ ಗ್ನೋಮ್‌ನಲ್ಲಿ ಅದು ನಿಮ್ಮ ಹೋಮ್‌ಗೆ ಮಾತ್ರ ಹೋಗತ್ತೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಆಹ್ವಾನ ಪತ್ರಿಕೆ ನಿಮ್ಮ ಲಾಗಿನ್‌ನಲ್ಲಿ ಚೆನ್ನಾಗಿ ಕಾಣತ್ತೆ, ಪಕ್ಕದ ಲಾಗಿನ್‌ನಲ್ಲಿ ಅದೇ ಫೈಲ್ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್‌ಗಳನ್ನ /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್ ಒಳಗೆ ಒಂದು ಫೋಲ್ಡರ್ ಮಾಡಿ ಹಾಕಿ, 644 ಪರ್ಮಿಷನ್ ಕೊಟ್ಟು, ಸುಡೋ ಎಫ್‌ಸಿ-ಕ್ಯಾಶ್ (ಸಿ ಎ ಸಿ ಎಚ್ ಇ) -ಎಫ್ ಅಂತ ಓಡಿಸಿ. ಗುಬ್ಬಿ, ನವಿಲು ಫಾಂಟ್‌ಗಳು ಬೇಕಿದ್ರೆ ಎಪಿಟಿಲೇ ಇವೆ, ಕೈಯಾರೆ ಹಾಕೋದು ಬೇಡ.

ಹಾಕಿದ ಮೇಲಿನ ಕೆಲಸ

ಹೀಗೆ ಹಾಕಿದ್ದನ್ನ ಅಪ್‌ಡೇಟ್ ಮಾಡೋರು ನೀವೇ, ಎಪಿಟಿಗೆ ಇದು ಇದೆ ಅನ್ನೋದೇ ಗೊತ್ತಿಲ್ಲ. ಫೋಲ್ಡರ್ ರೂಟ್‌ದಾಗಿರೋದ್ರಿಂದ ಪ್ರೋಗ್ರಾಂ ತಾನೇ ಅಪ್‌ಡೇಟ್ ಆಗೋಕೂ ಆಗಲ್ಲ. ಬ್ಲೆಂಡರ್ ಒಂದು ವರ್ಷ ಹಳೇದಾದ್ರೆ ಪ್ರಪಂಚ ಮುಳುಗಲ್ಲ, ಆದ್ರೆ ಬ್ರೌಸರ್‌ನ ಹೀಗೆ ಇಡ್ಬೇಡಿ. ಫೈರ್‌ಫಾಕ್ಸ್ ಟಾರ್ ಬಿಚ್ಚಿ /ಆಪ್ಟ್‌ನಲ್ಲಿ ಇಟ್ಟು ಮರೆತುಬಿಡೋರಿದಾರೆ, ಅದು ಮನೆಯವರೆಲ್ಲ ಬ್ಯಾಂಕ್ ಪಾಸ್‌ವರ್ಡ್ ಹೊಡೆಯೋ ಜಾಗ. 2024ರಲ್ಲಿ 122ನೇ ವರ್ಷನ್‌ನಿಂದ ಮೊಜಿಲ್ಲಾನೇ ತನ್ನ ಎಪಿಟಿ ರೆಪೊಸಿಟರಿಲಿ ಡೆಬ್ ಕೊಡ್ತಿದೆ, ಅದನ್ನ ಸೇರಿಸ್ಕೊಳ್ಳಿ.

/ಆಪ್ಟ್‌ನಲ್ಲೇ ಒಂದು ಟೆಕ್ಸ್ಟ್ ಫೈಲ್ ಇಟ್ಕೊಳ್ಳಿ, ಏನು ಹಾಕಿದ್ದು, ಯಾವ ವರ್ಷನ್, ಯಾವ ತಾರೀಖು, ಎಲ್ಲಿಂದ ಇಳಿಸಿದ್ದು, ಲಿಂಕ್ ಎಲ್ಲೆಲ್ಲಿದೆ ಅಂತ. ಸ್ಕೂಲ್ ಲ್ಯಾಬ್ ಆದ್ರೆ ಇದು ಬೇಕೇ ಬೇಕು, ಟ್ರಾನ್ಸ್‌ಫರ್ ಆಗಿ ಬರೋ ಮುಂದಿನ ಮೇಷ್ಟ್ರಿಗೆ ಕೇಳೋಕೆ ಬೇರೆ ಯಾರೂ ಇರಲ್ಲ.

ತೆಗೆದುಹಾಕಬೇಕು ಅಂದಾಗ ಆ ಟೆಕ್ಸ್ಟ್ ಫೈಲ್ ನೋಡ್ಕೊಂಡು, ಮೊದಲು ಡೆಸ್ಕ್‌ಟಾಪ್ ಫೈಲ್, ಆಮೇಲೆ ಎರಡು ಲಿಂಕ್, ಕೊನೇಲಿ ವರ್ಷನ್ ನಂಬರ್ ಇರೋ ಫೋಲ್ಡರ್ ಅಳಿಸಿ. ಸುಡೋ ಆರ್‌ಎಂ -ಆರ್ ಹೊಡೆಯೋ ಮುಂಚೆ ವಿಳಾಸದ ಮಧ್ಯ ಎಲ್ಲೂ ಸ್ಪೇಸ್ ಬಿದ್ದಿಲ್ಲ ಅಂತ ನೋಡ್ಕೊಳ್ಳಿ. ಒಬ್ಬೊಬ್ಬರ ಹೋಮ್‌ನಲ್ಲಿ .ಕಾನ್ಫಿಗ್ ಒಳಗಿರೋ ಬ್ಲೆಂಡರ್ ಫೋಲ್ಡರ್ ಹಾಗೇ ಉಳಿದಿರತ್ತೆ, ಅದು ಅವರವರದು, ಬೇಕೋ ಬೇಡವೋ ಅವರೇ ನೋಡ್ಕೊಳ್ಳಲಿ.