ಐಡ್ಲಿಂಗ್‌ನಲ್ಲಿ ಮಿಸ್ ಹೊಡೆಯುವ ಹಳೆಯ ಟ್ರ್ಯಾಕ್ಟರ್: ಪಂಪು ಬಿಚ್ಚುವ ಮೊದಲು

ನೇಗಿಲು ಎಳೆಯುವಾಗ ದೋಷವಿಲ್ಲದಂತೆ ದುಡಿಯುವ ಹಳೆಯ ಡೀಸೆಲ್ ಟ್ರ್ಯಾಕ್ಟರು, ಆಕ್ಸಿಲರೇಟರ್ ಇಳಿಸಿ ಬದುವಿನ ಬಳಿ ನಿಲ್ಲಿಸಿದೊಡನೆ ಬಾನೆಟ್ಟು ಅದುರಿಸುತ್ತಾ ಪೆಟ್ಟು ತಪ್ಪಿಸತೊಡಗುತ್ತದೆ. ಸಿಲಿಂಡರಿನಲ್ಲಿ ಇಂಧನ ಹೊತ್ತದೆ ಹೋಗುವ ಇದನ್ನೇ ಮಿಸ್ ಎನ್ನುವುದು. ಹೆಚ್ಚಿನವರು ಮೊದಲು ಬೊಟ್ಟು ಮಾಡುವುದು ಡೀಸೆಲ್ ಪಂಪಿನತ್ತ. ಪಂಪು ಇಳಿಸಿ ಕ್ಯಾಲಿಬ್ರೇಶನ್ (ಡೀಸೆಲ್ ಅಳತೆಯ ಹೊಂದಾಣಿಕೆ) ಮಾಡಿಸುವುದು ದುಬಾರಿ ಕೆಲಸವಾದ್ದರಿಂದ ಅದು ಕೊನೆಗೆ ಬರಬೇಕು. ಮೊದಲು ತಿಳಿಯಬೇಕಾದದ್ದು, ತಪ್ಪುತ್ತಿರುವುದು ಸದಾ ಒಂದೇ ಸಿಲಿಂಡರೋ ಅಥವಾ ಒಮ್ಮೆ ಅದು, ಒಮ್ಮೆ ಇದೋ ಎಂಬುದು.

ಮಿಸ್ ಐಡ್ಲಿಂಗ್‌ನಲ್ಲೇ, ಅಂದರೆ ಇಂಜಿನ್ ಭಾರವಿಲ್ಲದೆ ನಿಧಾನವಾಗಿ ಓಡುವಾಗಲೇ, ಕಾಣಲು ಕಾರಣವಿದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಇಲ್ಲ. ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕು. ವೇಗ ಕಡಿಮೆಯಾದಾಗ ಸವೆದ ರಿಂಗು ಅಥವಾ ಸರಿಯಾಗಿ ಕೂರದ ವಾಲ್ವಿನ ಸಂದಿಯಿಂದ ಗಾಳಿ ಸೋರಲು ಹೆಚ್ಚು ಸಮಯ ಸಿಗುತ್ತದೆ, ಜೊತೆಗೆ ಪ್ರತಿ ಬಾರಿ ಸಿಂಪಡಣೆಯಾಗುವ ಡೀಸೆಲ್ಲೂ ಬಹಳ ಅಲ್ಪವಾಗಿರುವುದರಿಂದ ಅದನ್ನು ಸಿಂಪಡಿಸುವ ಒಂದು ನಾಜಲ್ಲಿನ ಚಿಕ್ಕ ಕೊರತೆಯೂ ಎದ್ದು ಕಾಣುತ್ತದೆ. ನಿಮಿಷಕ್ಕೆ 700 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರು 350 ಬಾರಿ ಹೊತ್ತಬೇಕು. ಒಂದು ಸಿಲಿಂಡರು ಪೂರ್ತಿ ಸತ್ತಿದ್ದರೆ ಸೈಲೆನ್ಸರಿನ ಸದ್ದಿನಲ್ಲಿ ಸಮಾನ ಅಂತರದ ಖಾಲಿ ಕೇಳಿಸುತ್ತದೆ. ಅದರ ಬದಲು ವೇಗವೇ ಉಯ್ಯಾಲೆಯಂತೆ ಏರಿ ಇಳಿಯುತ್ತಿದ್ದರೆ ಅದು ಮಿಸ್ ಅಲ್ಲ. ಇಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರನ್ನೋ ಇಂಧನದಲ್ಲಿ ಸೇರಿದ ಗಾಳಿಯನ್ನೋ ಸಂಶಯಿಸಬೇಕು.

ಹೊಗೆಯನ್ನೂ ನೋಡಿ. ಕಣ್ಣುರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಇಂಧನ ತಲುಪುತ್ತಿದೆ, ಹೊತ್ತುತ್ತಿಲ್ಲ ಎಂದರ್ಥ. ಇಂಜಿನ್ ಬಿಸಿಯಾದ ಮೇಲೆ ಅದು ಮಾಯವಾದರೆ ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿಯ ಒತ್ತಡ) ಅಥವಾ ನಾಜಲ್ಲಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಬಿಳಿ ಹೊಗೆಯ ಜೊತೆ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಬ್ಲಾಕು ಮತ್ತು ಮೇಲಿನ ಹೆಡ್ಡಿನ ನಡುವಿನ ಹಾಳೆ) ನೋಡಬೇಕು. ಆದರೆ ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬಾರದು.

ಅನಂತರ ಅಗ್ಗದ ಕೆಲಸಗಳು: ಡೀಸೆಲ್ ಫಿಲ್ಟರಿನ ತಳದ ನೀರು ಇಳಿಸುವುದು, ಫಿಲ್ಟರ್ ಹಳೆಯದಾಗಿದ್ದರೆ ಬದಲಿಸುವುದು, ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನ ಜಾಯಿಂಟುಗಳನ್ನು ಬಿಗಿಗೊಳಿಸುವುದು. ಈ ಭಾಗದಲ್ಲಿ ಡೀಸೆಲ್ ಹೊರಗೆ ಒಸರದಿದ್ದರೂ ಗಾಳಿ ಒಳಗೆ ಹೀರಿಕೊಳ್ಳಬಹುದು. ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರನ್ನು ಒತ್ತುತ್ತಾ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಏರ್ ತೆಗೆಯಿರಿ. ಒಂದು ದಿನ ಸರಿ ಓಡಿ ಮತ್ತೆ ಏರ್ ಹಿಡಿದರೆ, ಸೋರುವ ಜಾಗ ಇನ್ನೂ ಸಿಕ್ಕಿಲ್ಲ.

ಇದರಿಂದಲೂ ಮಿಸ್ ನಿಲ್ಲದಿದ್ದರೆ ಸಿಲಿಂಡರನ್ನು ಹುಡುಕುವ ಕೆಲಸ ಆರಂಭವಾಗುತ್ತದೆ. ಗೇರ್ ನ್ಯೂಟ್ರಲ್, ಪಿಟಿಒ (ಹಿಂದಿನ ಉಪಕರಣ ತಿರುಗಿಸುವ ಶಾಫ್ಟು) ಬಂದ್, ಹ್ಯಾಂಡ್ ಬ್ರೇಕ್ ಬಿಗಿ. ಟವೆಲ್ಲು, ಪಂಚೆ ಫ್ಯಾನಿನಿಂದ ದೂರ. ಐಡ್ಲಿಂಗ್‌ನಲ್ಲಿ ಒಂದನೇ ನಾಜಲ್ಲಿನ ಪೈಪ್ ನಟ್ಟಿಗೆ ಬಟ್ಟೆ ಸುತ್ತಿ, ಡೀಸೆಲ್ ಒಸರುವಷ್ಟು ಮಾತ್ರ ಸಡಿಲಿಸಿ. ಸದ್ದು ಥಟ್ಟನೆ ಕೆಟ್ಟು ಇಂಜಿನ್ ಇನ್ನಷ್ಟು ತೂಗಾಡಿದರೆ ಆ ಸಿಲಿಂಡರು ದುಡಿಯುತ್ತಿತ್ತು. ನಟ್ ಬಿಗಿಮಾಡಿ ಮುಂದಿನದಕ್ಕೆ ಹೋಗಿ. ಸಡಿಲಿಸಿದರೂ ಸದ್ದು ಬದಲಾಗದ ಸಿಲಿಂಡರೇ ತಪ್ಪಿತಸ್ಥ. ಪೈಪಿನ ಒತ್ತಡಕ್ಕೆ ಬೆರಳು ಒಡ್ಡಲೇಬಾರದು, ಏಕೆಂದರೆ ಆ ಒತ್ತಡ ಡೀಸೆಲನ್ನು ಚರ್ಮದೊಳಗೆ ನುಗ್ಗಿಸಬಲ್ಲದು. ಹಾಗಾದರೆ ಗಾಯ ಸೂಜಿಮೊನೆಯಷ್ಟಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಟ್ ಮುಟ್ಟಲು ಹೆದರುವವರು ತಣ್ಣನೆಯ ಇಂಜಿನ್ ಚಾಲೂ ಮಾಡಿ, ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಪ್ರತಿ ಕವಲಿನ ಮೇಲೆ ಒಂದೊಂದು ಹನಿ ನೀರು ಚಿಮುಕಿಸಿ ನೋಡಬಹುದು: ದುಡಿಯುವ ಸಿಲಿಂಡರಿನ ಕವಲಿನಲ್ಲಿ ನೀರು ಬೇಗ ಆರುತ್ತದೆ, ಸತ್ತದ್ದರ ಮೇಲೆ ಹಾಗೇ ಉಳಿಯುತ್ತದೆ.

ಸಿಲಿಂಡರ್ ಗೊತ್ತಾದ ಮೇಲೆ ಇಂಜಿನ್ ಆರಿಸಿ, ಅದರ ನಾಜಲನ್ನು ಪಕ್ಕದ ಸಿಲಿಂಡರಿನ ನಾಜಲ್ಲಿನೊಂದಿಗೆ ಅದಲುಬದಲು ಮಾಡಿ. ತೆರೆದ ಪೈಪುಗಳಿಗೆ ಶುಚಿಯಾದ ಪ್ಲಾಸ್ಟಿಕ್ ಕಟ್ಟಬೇಕು, ಕೂರಿಸುವಾಗ ಹೊಸ ತಾಮ್ರದ ವಾಷರ್ ಹಾಕಬೇಕು. ಹೆಚ್ಚಿನವರು ಹಳೆಯ ವಾಷರನ್ನೇ ಕೂರಿಸಿ, ಗ್ಯಾಸ್ ಸೋರಿ, ಇಲ್ಲದ ಹೊಸ ದೋಷವನ್ನು ತಂದುಕೊಳ್ಳುತ್ತಾರೆ. ಮಿಸ್ ನಾಜಲ್ಲಿನೊಂದಿಗೆ ಹೋದರೆ ನಾಜಲ್ ಮಾತ್ರ ಪರೀಕ್ಷೆಗೆ ಕಳಿಸಿದರೆ ಸಾಕು. ಮಿಸ್ ಅಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪನ್ನು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದಿ) ಕೈಪಿಡಿಯಲ್ಲಿರುವ ಅಳತೆಗೆ ಫೀಲರ್ ಗೇಜೆಂಬ ತೆಳು ಪಟ್ಟಿಗಳಿಂದ ಅಳೆದು ಹೊಂದಿಸಿ. ಗ್ಯಾಪ್ ಇಲ್ಲದ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಆಮೇಲೆ ಕಂಪ್ರೆಶನ್ ಪರೀಕ್ಷೆ. ಆಯಿಲ್ ತುಂಬುವ ಬಾಯಿಂದ ಹೊಗೆ ಬುಸುಗುಟ್ಟಿದರೆ ರಿಂಗು, ಬೋರು ಸವೆದಿರುವ ಸಂಭವ ಹೆಚ್ಚು.

ಇಷ್ಟೂ ಸರಿಯಿದ್ದರೆ ಮಾತ್ರ ಪಂಪು. ಅದರಲ್ಲೂ ಭೇದವಿದೆ. ಇನ್‌ಲೈನ್ ಪಂಪಿನಲ್ಲಿ ಪ್ರತಿ ಸಿಲಿಂಡರಿಗೂ ಡೀಸೆಲ್ ಒತ್ತುವ ಬೇರೆ ಎಲಿಮೆಂಟು, ಅದನ್ನು ಪೈಪಿಗೆ ಬಿಡುವ ಬೇರೆ ಡೆಲಿವರಿ ವಾಲ್ವು ಇರುವುದರಿಂದ ಒಂದೇ ಸಿಲಿಂಡರು ತಪ್ಪುವುದು ಸಾಧ್ಯ. ರೋಟರಿ ಪಂಪಿನಲ್ಲಿ ಎಲ್ಲಕ್ಕೂ ಒಂದೇ ಕಡೆಯಿಂದ ಇಂಧನ ಹಂಚಿಕೆಯಾಗುವುದರಿಂದ ಒಂದರ ಮಿಸ್‌ಗೆ ಪಂಪು ಕಾರಣವಾಗುವುದು ಅಪರೂಪ. (ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಪಂಪುಗಳ ಫಲಕದಲ್ಲಿ ಮೈಕೋ ಎಂದೇ ಇರುತ್ತದೆ.) ರಿಪೇರಿ ಅಂಗಡಿಗೆ ಒಯ್ಯುವಾಗ ಫಲಕದ ನಂಬರನ್ನೂ, ಎಷ್ಟನೆಯ ಸಿಲಿಂಡರು ತಪ್ಪುತ್ತಿದೆ, ನಾಜಲ್ ಬದಲಿಸಿದಾಗ ಏನಾಯಿತು ಎಂಬುದನ್ನೂ ಚೀಟಿಯಲ್ಲಿ ಬರೆದು ಕೊಡಿ, ಟೆಸ್ಟ್ ಬೆಂಚಿನ ಮೇಲೆ ಆ ಒಂದು ಲೈನನ್ನೇ ಮೊದಲು ನೋಡುವಂತೆ ಕೇಳಿ.