ಹಳೆಯ ಗ್ರೇಡ್ ಚೆನ್ನಾಗಿಲ್ಲ ಅಂತ ಸಿಆರ್‌ಎನ್‌ಎ ಆಸೆ ಬಿಡಬೇಡಿ: ಸೀಟು ಪಡೆಯುವುದು, ಒಳಗೆ ಹೋದ ಮೇಲೆ ಪಾಸಾಗುವುದು ಹೇಗೆ

ಅಮೆರಿಕದ ಐಸಿಯುಗಳಲ್ಲಿ ಕೆಲಸ ಮಾಡುವ ನರ್ಸ್‌ಗಳಲ್ಲಿ ಸಿಆರ್‌ಎನ್‌ಎ, ಅಂದರೆ ಅನಸ್ತೇಶಿಯಾ ಕೊಡುವ ನರ್ಸ್, ಆಗಬೇಕು ಅಂತ ಆಸೆ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಾಲೇಜಿನ ಹಳೆಯ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತೆಗೆದು, ಅದರಲ್ಲಿ ಕೆಮಿಸ್ಟ್ರಿಗೆ ಬಂದ ಸಿ ಗ್ರೇಡೋ ಅನಾಟಮಿಗೆ ಬಂದ ಎಫ್ ಗ್ರೇಡೋ ಕಣ್ಣಿಗೆ ಬಿದ್ದ ತಕ್ಷಣ ಎಷ್ಟೋ ಜನ ಅರ್ಜಿಯನ್ನೇ ಹಾಕದೆ ಸುಮ್ಮನಾಗಿಬಿಡುತ್ತಾರೆ. ಅಷ್ಟು ಬೇಗ ಕೈಬಿಡಬೇಡಿ. ಹಳೆಯ ಗ್ರೇಡ್ ಅಳಿಸಿ ಹೋಗುವುದಿಲ್ಲ, ನಿಜ. ಆದರೆ ಅದರ ಪಕ್ಕದಲ್ಲಿ ಹೊಸ ಗ್ರೇಡ್ ತಂದು ಇಡಬಹುದು. ಆಯ್ಕೆ ಮಾಡುವವರು ಎರಡನ್ನೂ ನೋಡುತ್ತಾರೆ.

ನಿಯಮಗಳನ್ನು ಮೊದಲು ಬೇಗ ಮುಗಿಸಿಬಿಡೋಣ. ಈ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯನ್ನು ಎಲ್ಲರೂ ಸಿಒಎ ಅಂತಲೇ ಕರೆಯುತ್ತಾರೆ. 2022ರ ಜನವರಿಯಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸ್‌ಗೇ ಸೇರಬೇಕು, ಹೆಚ್ಚಾಗಿ ಡಿಎನ್‌ಪಿ (ನರ್ಸಿಂಗ್ ಡಾಕ್ಟರೇಟ್) ಅಥವಾ ಡಿಎನ್‌ಎಪಿ (ನರ್ಸ್ ಅನಸ್ತೇಶಿಯಾ ಡಾಕ್ಟರೇಟ್). ಕಡಿಮೆ ಅಂದರೂ 36 ತಿಂಗಳು ಹಿಡಿಯುತ್ತದೆ. ಬೇಕಾಗಿರುವುದು ಪದವಿ, ಯಾವ ನಿರ್ಬಂಧವೂ ಇಲ್ಲದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್, ಮತ್ತು ಕನಿಷ್ಠ 1 ವರ್ಷ ಫುಲ್‌ಟೈಮ್ ಕ್ರಿಟಿಕಲ್ ಕೇರ್ ಅನುಭವ. ಜಿಪಿಎ (ಎ ಗ್ರೇಡ್‌ಗೆ 4ರಂತೆ ಲೆಕ್ಕ ಹಾಕುವ ಗ್ರೇಡ್‌ಗಳ ಸರಾಸರಿ) ಸಾಮಾನ್ಯವಾಗಿ 3.0 ಕೇಳುತ್ತಾರೆ. ಇದು ಬಾಗಿಲು ದಾಟಲು ಬೇಕಾದ ಸಂಖ್ಯೆ ಅಷ್ಟೇ, ಸೀಟು ಸಿಗುವವರ ಜಿಪಿಎ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಜಿಪಿಎ ಲೆಕ್ಕ ಕೂತು ಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. "ಒಂದೆರಡು ಕೋರ್ಸ್ ಮತ್ತೆ ಮಾಡಿದರೆ ಜಿಪಿಎ ಮೇಲೆ ಬರುತ್ತೆ" ಅಂತ ಅಂದಾಜಿನ ಮೇಲೆ ದುಡ್ಡು ಕಟ್ಟಿಬಿಡುತ್ತಾರೆ. ಒಂದು ಉದಾಹರಣೆ ನೋಡಿ. ನಿಮ್ಮ ಹತ್ತಿರ 120 ಕ್ರೆಡಿಟ್ ಇದೆ, ಜಿಪಿಎ 2.8. ಈಗ 12 ಕ್ರೆಡಿಟ್ ಹೊಸದಾಗಿ ಮಾಡಿ ಎಲ್ಲದರಲ್ಲೂ ಎ ತೆಗೆದರೂ ಒಟ್ಟು ಜಿಪಿಎ 2.91ರ ಹತ್ತಿರ ನಿಲ್ಲುತ್ತದೆ. 3.0 ಮುಟ್ಟಬೇಕಾದರೆ 24 ಕ್ರೆಡಿಟ್ ಬೇಕು, ಅಷ್ಟರಲ್ಲೂ ಎ ಬರಬೇಕು. ನಿರಾಸೆ ಆಗುತ್ತೆ, ಅಲ್ವಾ?

ಈಗ ಸೈನ್ಸ್ ಜಿಪಿಎ ಮಾತ್ರ ತೆಗೆದುಕೊಳ್ಳಿ. ಸೈನ್ಸ್‌ನಲ್ಲಿ ಇರುವುದು 30 ಕ್ರೆಡಿಟ್, ಜಿಪಿಎ 2.7 ಅಂತ ಇಟ್ಟುಕೊಳ್ಳಿ. ಅದೇ 12 ಕ್ರೆಡಿಟ್ ಎ ಗ್ರೇಡ್ ಸೇರಿಸಿದರೆ 3.07 ಆಗುತ್ತದೆ. ಅದೇ ಶ್ರಮ, ಅದೇ ದುಡ್ಡು, ಫಲ ಮಾತ್ರ ಬೇರೆ. ಆದ್ದರಿಂದ ನೀವು ಗುರಿ ಇಟ್ಟಿರುವ ಸ್ಕೂಲ್ ಏನನ್ನು ಲೆಕ್ಕ ಹಾಕುತ್ತದೆ ಅಂತ ಮೊದಲು ಕೇಳಿ. ಒಟ್ಟು ಜಿಪಿಎಯೋ, ಸೈನ್ಸ್ ಜಿಪಿಎಯೋ, ಕೊನೆಯ 60 ಕ್ರೆಡಿಟ್ ಮಾತ್ರವೋ? ಇಮೇಲ್ ಬರೆದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಳೆಯ ಸೈನ್ಸ್ ಕೋರ್ಸ್‌ಗಳಿಗೆ ಇಷ್ಟೇ ವರ್ಷ ಅಂತ ಮಿತಿ ಇಡುವ ಸ್ಕೂಲ್‌ಗಳೂ ಇವೆ, ಅದನ್ನೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ತಡವಾಗಿ ಗೊತ್ತಾಗುತ್ತದೆ. ನಿಮ್ಮ ಕಾಲೇಜು ಮತ್ತೆ ಮಾಡಿದ ಕೋರ್ಸ್‌ನ ಹೊಸ ಗ್ರೇಡ್ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಹಳೆಯದನ್ನು ಬಿಟ್ಟಿರಬಹುದು. ಆದರೆ ಎಷ್ಟೋ ಸ್ಕೂಲ್‌ಗಳು ಅರ್ಜಿ ತೆಗೆದುಕೊಳ್ಳುವುದು ನರ್ಸಿಂಗ್‌ಕ್ಯಾಸ್ ಅನ್ನುವ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ, ಅಲ್ಲಿ ಎರಡೂ ಸಲದ ಗ್ರೇಡ್ ಲೆಕ್ಕಕ್ಕೆ ಬರುತ್ತದೆ. ಓದಿದ ಪ್ರತಿಯೊಂದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಕೂಡ ಕೊಡಬೇಕು. ಅರ್ಧಕ್ಕೆ ಬಿಟ್ಟ ಆ ಒಂದು ಸೆಮಿಸ್ಟರ್ ಯಾರಿಗೂ ಕಾಣಿಸುವುದಿಲ್ಲ ಅಂತ ಅಂದುಕೊಳ್ಳಬೇಡಿ.

ಭಾರತದಲ್ಲಿ ಬಿಎಸ್‌ಸಿ ನರ್ಸಿಂಗ್ ಮಾಡಿ ಬಂದವರು ವಿದೇಶಿ ಪದವಿಗಳನ್ನು ಅಳೆಯುವ ಡಬ್ಲ್ಯೂಇಎಸ್ ತರಹದ ಸಂಸ್ಥೆಯಿಂದ ಕೋರ್ಸ್‌ವಾರು ಮೌಲ್ಯಮಾಪನ ಮಾಡಿಸಬೇಕಾಗುತ್ತದೆ. ನಮ್ಮಲ್ಲಿ 60 ಪರ್ಸೆಂಟ್ ಅಂದರೆ ಫಸ್ಟ್ ಕ್ಲಾಸ್, ಇಲ್ಲಿ 60 ಅಂದರೆ ಫೇಲಿನ ಹತ್ತಿರ. ಮೌಲ್ಯಮಾಪನದವರು ಆ ವ್ಯತ್ಯಾಸವನ್ನು ಗಮನಕ್ಕೆ ತೆಗೆದುಕೊಂಡೇ ಜಿಪಿಎಗೆ ಬದಲಾಯಿಸುತ್ತಾರೆ. ಹಾಗಾಗಿ ನೀವೇ ಮನೆಯಲ್ಲಿ ಲೆಕ್ಕ ಹಾಕಿ ಹೆದರಿಕೊಳ್ಳಬೇಡಿ, ಮೊದಲು ಮಾಡಿಸಿ ನೋಡಿ.

ಹೊಸ ಕೋರ್ಸ್ ಯಾವುದು? ನನ್ನ ಅಭಿಪ್ರಾಯ ಕೇಳಿದರೆ, ಸಿ ಬಂದ ಕೆಮಿಸ್ಟ್ರಿಯನ್ನು ಒಂದು ಸಲ ಮತ್ತೆ ಮಾಡಿ, ಆಮೇಲೆ ಹಿಂದಕ್ಕೆ ಹೋಗಬೇಡಿ, ಮುಂದಕ್ಕೆ ಹೋಗಿ. ಗ್ರಾಜುಯೇಟ್ (ಅಂದರೆ ನಮ್ಮ ಪಿಜಿ) ಮಟ್ಟದ ಪೆಥೊಫಿಸಿಯಾಲಜಿ, ಫಾರ್ಮಕಾಲಜಿ, ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್. ಕಷ್ಟದ ವಿಷಯದಲ್ಲಿ ಈಗ ಬಂದ ಎ, ಸುಲಭದ ಮೂರು ವಿಷಯಗಳಲ್ಲಿ ಬಂದ ಎಗಿಂತ ಜಾಸ್ತಿ ಮಾತಾಡುತ್ತದೆ. ಒಂದು ಸೆಮಿಸ್ಟರ್‌ಗೆ ಒಂದೇ ತೆಗೆದುಕೊಂಡರೂ ಪರವಾಗಿಲ್ಲ, ಬಿ ಮಾತ್ರ ಬರಬಾರದು.

ಐಸಿಯು ಮತ್ತು ಸಿಸಿಆರ್‌ಎನ್

ಗ್ರೇಡ್ ದುರ್ಬಲವಾಗಿದ್ದರೆ ಉಳಿದದ್ದೆಲ್ಲ ಗಟ್ಟಿ ಇರಬೇಕು. ನಿಯಮದ ಪ್ರಕಾರ 1 ವರ್ಷ ಸಾಕು, ಆದರೆ ನೀವು 2-3 ವರ್ಷ ಮಾಡಿ. ಯಾವ ಐಸಿಯು ಅನ್ನುವುದಕ್ಕಿಂತ ಅಲ್ಲಿ ನಿಮ್ಮ ಕೈಗೆ ಎಂಥ ರೋಗಿ ಸಿಗುತ್ತಾರೆ ಅನ್ನುವುದು ಮುಖ್ಯ. ವೆಂಟಿಲೇಟರ್, ಆರ್ಟೀರಿಯಲ್ ಲೈನ್, ಒಟ್ಟಿಗೆ ಎರಡು ಮೂರು ವ್ಯಾಸೊಪ್ರೆಸರ್ (ಬಿಪಿ ಏರಿಸುವ ಔಷಧಿ) ಡ್ರಿಪ್, ಸಿಆರ್‌ಆರ್‌ಟಿ (ನಿರಂತರ ಡಯಾಲಿಸಿಸ್), ಇಂಥವರನ್ನು ದಿನಾ ನೋಡಿಕೊಳ್ಳುತ್ತಿದ್ದರೆ ಸರಿ. ಇಲ್ಲದಿದ್ದರೆ ಜಾಗ ಬದಲಾಯಿಸಿ.

ಸಿಸಿಆರ್‌ಎನ್ ಅನ್ನುವುದು ಕ್ರಿಟಿಕಲ್ ಕೇರ್ ನರ್ಸ್‌ಗಳ ಸರ್ಟಿಫಿಕೇಟ್ ಪರೀಕ್ಷೆ. ಅದು ಕಡ್ಡಾಯ ಅಲ್ಲದ ಕಡೆಯೂ ನಿಮಗೆ ಅದು ಕಡ್ಡಾಯ ಅಂದುಕೊಳ್ಳಿ. ಕಳೆದ 2 ವರ್ಷದಲ್ಲಿ 1,750 ಗಂಟೆ ಕ್ರಿಟಿಕಲ್ ಕೇರ್ ಕೆಲಸ, ಅದರಲ್ಲಿ 875 ಗಂಟೆ ಕೊನೆಯ ವರ್ಷದಲ್ಲಿ ಆಗಿದ್ದರೆ ಬರೆಯಬಹುದು. 3 ಗಂಟೆ, 150 ಪ್ರಶ್ನೆ. ಹಳೆಯ ಫಾರ್ಮಕಾಲಜಿ ಗ್ರೇಡ್ ನೋಡಿ ಅನುಮಾನಪಡುವವರಿಗೆ ಇದು ಒಳ್ಳೆಯ ಉತ್ತರ. ಶ್ಯಾಡೋಯಿಂಗ್ ಕೂಡ ಮಾಡಿ. ಒಬ್ಬ ಸಿಆರ್‌ಎನ್‌ಎ ಜೊತೆ ಕೆಲವು ದಿನ ಓಟಿಯಲ್ಲಿ ನಿಂತರೆ ಈ ಕೆಲಸ ನಿಮಗೆ ಬೇಕೋ ಬೇಡವೋ ಅನ್ನುವುದೂ ತಿಳಿಯುತ್ತದೆ.

ಅರ್ಜಿಯಲ್ಲಿ ಏನು ಬರೆಯಬೇಕು

ಕಡಿಮೆ ಗ್ರೇಡ್ ಬಗ್ಗೆ ಬರೆಯಿರಿ, ಆದರೆ ಚಿಕ್ಕದಾಗಿ. ಒಂದಿಡೀ ಪುಟ ಮನೆಯ ಕಷ್ಟ ಹೇಳಿಕೊಂಡರೆ ಓದುವವರಿಗೆ ಕನಿಕರ ಬರಬಹುದು, ನಂಬಿಕೆ ಬರುವುದಿಲ್ಲ. ಹೀಗೆ ಬರೆದರೆ ಸಾಕು:

"2015ರಲ್ಲಿ ಕೆಮಿಸ್ಟ್ರಿಯಲ್ಲಿ ನನಗೆ ಸಿ ಬಂತು. ಆಗ ವಾರಕ್ಕೆ 36 ಗಂಟೆ ಕೆಲಸ ಮಾಡುತ್ತಿದ್ದೆ, ಓದಿಗೆ ಬೇಕಾದ ಸಮಯ ಕೊಡಲಿಲ್ಲ. ಕಳೆದ ವರ್ಷ ಫುಲ್‌ಟೈಮ್ ಕೆಲಸದ ಜೊತೆಗೇ ಬಯೋಕೆಮಿಸ್ಟ್ರಿ ಮತ್ತು ಗ್ರಾಜುಯೇಟ್ ಪೆಥೊಫಿಸಿಯಾಲಜಿ ಮಾಡಿದೆ. ಎರಡರಲ್ಲೂ ಎ ಬಂದಿದೆ. ಪ್ರತಿ ದಿನ ಬೆಳಗ್ಗೆ ಡ್ಯೂಟಿಗೆ ಮುಂಚೆ ಓದುವುದನ್ನು ರೂಢಿ ಮಾಡಿಕೊಂಡಿದ್ದೇನೆ."

ಏನಾಯಿತು, ಯಾಕಾಯಿತು, ಈಗ ಏನು ಬದಲಾಗಿದೆ. ಮುಗಿಯಿತು. ಉಳಿದ ಜಾಗದಲ್ಲಿ ನಿಮ್ಮ ಕೆಲಸದ ಬಗ್ಗೆ ಬರೆಯಿರಿ. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರ ಹತ್ತಿರ ಕೇಳುವುದಕ್ಕಿಂತ, ರಾತ್ರಿ ಎರಡು ಗಂಟೆಗೆ ನೀವು ರೋಗಿಯನ್ನು ನಿಭಾಯಿಸಿದ್ದನ್ನು ಕಣ್ಣಾರೆ ಕಂಡ ಚಾರ್ಜ್ ನರ್ಸ್ ಹತ್ತಿರ ಕೇಳಿ.

ಇಂಟರ್‌ವ್ಯೂ

ಇಲ್ಲಿ ಎರಡು ತರಹದ ಪ್ರಶ್ನೆ ಬರುತ್ತದೆ. ಒಂದು, ನಿಮ್ಮ ಸ್ವಭಾವ ನೋಡುವುದಕ್ಕೆ: ಸಹೋದ್ಯೋಗಿ ಜೊತೆ ಜಗಳ ಆದಾಗ ಏನು ಮಾಡಿದಿರಿ, ಕೆಲಸದಲ್ಲಿ ತಪ್ಪಾದಾಗ ಯಾರಿಗೆ ಹೇಳಿದಿರಿ, ಹೀಗೆ. ಇನ್ನೊಂದು ನೇರವಾಗಿ ಕ್ಲಿನಿಕಲ್. ಪಿಎಚ್ 7.25, ಕಾರ್ಬನ್ ಡೈಆಕ್ಸೈಡ್ 60, ಬೈಕಾರ್ಬ್ 26 ಅಂತ ಕೊಟ್ಟು ಏನಿದು ಅಂತ ಕೇಳುತ್ತಾರೆ. ರೆಸ್ಪಿರೇಟರಿ ಅಸಿಡೋಸಿಸ್ ಅಂತ ಎಲ್ಲರೂ ಹೇಳುತ್ತಾರೆ. ಬೈಕಾರ್ಬ್ ಇನ್ನೂ ಜಾಸ್ತಿ ಏರಿಲ್ಲ, ಹಾಗಾಗಿ ಇದು ಈಗಷ್ಟೇ ಶುರುವಾದದ್ದು, ಕಿಡ್ನಿ ಸರಿದೂಗಿಸಲು ಇನ್ನೂ ಸಮಯ ಸಿಕ್ಕಿಲ್ಲ ಅಂತ ಮುಂದುವರಿಸುವವರು ಕಡಿಮೆ. ಅದನ್ನು ಹೇಳುವವರಾಗಿ.

ಅದೇ ರೀತಿ ಸೆಪ್ಟಿಕ್ ಶಾಕ್ ರೋಗಿಗೆ ನಾರ್‌ಎಪಿನೆಫ್ರಿನ್ ಅನ್ನುವ ವ್ಯಾಸೊಪ್ರೆಸರ್ ಏರಿಸುತ್ತಾ ಹೋದರೂ ಬಿಪಿ ಬರುತ್ತಿಲ್ಲ, ಮುಂದೇನು ಅಂತ ಕೇಳಿದರೆ ವ್ಯಾಸೊಪ್ರೆಸಿನ್ ಅಂತ ಹೆಸರು ಹೇಳಿ ನಿಲ್ಲಿಸಬೇಡಿ. ಅದು ಬೇರೆ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ, ಅಸಿಡೋಸಿಸ್ ಜಾಸ್ತಿ ಇದ್ದಾಗ ನಾರ್‌ಎಪಿನೆಫ್ರಿನ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ರಕ್ತನಾಳದಲ್ಲಿ ಸಾಕಷ್ಟು ದ್ರವ ಇದೆಯಾ ಅಂತಲೂ ನೋಡಬೇಕು ಅಂತ ಕಾರಣ ಬಿಡಿಸಿ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಬಾಯಿಗೆ ಬಂದದ್ದು ಹೇಳುವವರನ್ನು ಓಟಿಯಲ್ಲಿ ಒಬ್ಬರನ್ನೇ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಸೀಟು ಸಿಗಲಿಲ್ಲ ಅಂದರೆ ಅದೇ ವಾರ ಸ್ಕೂಲ್‌ಗೆ ಬರೆದು ಏನು ಕಡಿಮೆ ಆಯಿತು ಅಂತ ಕೇಳಿ. ಎಲ್ಲರೂ ಉತ್ತರ ಕೊಡುವುದಿಲ್ಲ, ಕೊಟ್ಟವರ ಮಾತನ್ನು ಹಿಡಿದು ಮುಂದಿನ ವರ್ಷದ ಅರ್ಜಿ ತಯಾರು ಮಾಡಿ.

ಒಳಗೆ ಹೋದ ಮೇಲೆ

ಸೀಟು ಸಿಕ್ಕಿತು ಅಂತ ಸಿಹಿ ಹಂಚಿ ಮುಗಿಯುವ ಹೊತ್ತಿಗೆ ಮೊದಲ ಪರೀಕ್ಷೆ ಬಂದಿರುತ್ತದೆ. ಬಹಳಷ್ಟು ಕಡೆ ಪಾಸ್ ಅಂದರೆ ಬಿ. ಒಂದು ಸಿ ಬಂದರೆ ಪ್ರೊಬೇಷನ್ (ಎಚ್ಚರಿಕೆಯ ಅವಧಿ), ಎರಡನೆಯದಕ್ಕೆ ಮನೆಗೆ ಕಳಿಸುವ ಸ್ಕೂಲ್‌ಗಳಿವೆ. ಆದ್ದರಿಂದ ಸೇರಿದ ದಿನವೇ ಹ್ಯಾಂಡ್‌ಬುಕ್ ತೆಗೆದು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಪಾಸ್ ಆಗಲು ಎಷ್ಟು ಬೇಕು, ಕೋರ್ಸ್ ಬಿಡಲು ಕೊನೆಯ ದಿನ ಯಾವುದು, ರಜೆ ತೆಗೆದುಕೊಳ್ಳುವುದು ಹೇಗೆ, ಮೇಲ್ಮನವಿಗೆ ಎಷ್ಟು ದಿನ ಇರುತ್ತದೆ. ತೊಂದರೆಗೆ ಸಿಕ್ಕಿಕೊಂಡ ಮೇಲೆ ಇದನ್ನು ಓದುವ ತಾಳ್ಮೆ ಇರುವುದಿಲ್ಲ.

ಮೊದಲ ಪರೀಕ್ಷೆಯಲ್ಲಿ 74, ಅಂದರೆ ಬಿಗಿಂತ ಕಡಿಮೆ, ಬಂತು ಅಂತ ಇಟ್ಟುಕೊಳ್ಳಿ. ಮುಂದಿನ ಸಲ ನೋಡೋಣ ಅಂತ ಕಾಯಬೇಡಿ. ಅದೇ ವಾರ ಪ್ರೊಫೆಸರ್ ಹತ್ತಿರ ಹೋಗಿ ಉತ್ತರಗಳನ್ನು ಕೂತು ನೋಡಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಿರಿ: ಓದಿರಲಿಲ್ಲವೇ, ಓದಿದ್ದು ಮರೆತುಹೋಯಿತೇ, ಪ್ರಶ್ನೆಯನ್ನೇ ತಪ್ಪಾಗಿ ತಿಳಿದಿರಾ? ಮೂರಕ್ಕೂ ಮದ್ದು ಬೇರೆ ಬೇರೆ. ಪ್ರಶ್ನೆ ತಪ್ಪಾಗಿ ಓದುವವರು ಇನ್ನೂ ನಾಲ್ಕು ಗಂಟೆ ಜಾಸ್ತಿ ಪುಸ್ತಕ ಹಿಡಿದರೆ ಏನೂ ಪ್ರಯೋಜನ ಇಲ್ಲ. ಓದುವುದರಲ್ಲಿ ಮೊದಲಿನಿಂದಲೂ ತೊಂದರೆ ಇದ್ದವರು, ಎಡಿಎಚ್‌ಡಿ ಇರುವವರು, ಡಿಸೆಬಿಲಿಟಿ ಆಫೀಸ್‌ಗೆ ಹೋಗಿ ಪರೀಕ್ಷೆಗೆ ಹೆಚ್ಚುವರಿ ಸಮಯ ಕೇಳಬಹುದು. ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಉರು ಹೊಡೆದು ನರ್ಸಿಂಗ್ ಪಾಸಾದವರಿಗೆ ಇಲ್ಲಿ ದೊಡ್ಡ ಪೆಟ್ಟು ಬೀಳುತ್ತದೆ. ಗ್ಯಾಸ್ ಸಿಲಿಂಡರ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಓಟಿಯ ಇ ಸೈಜ್ ಆಕ್ಸಿಜನ್ ಸಿಲಿಂಡರ್ ತುಂಬಿದಾಗ ಗೇಜ್ ಸುಮಾರು 2,200 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ, ಒಳಗೆ 660 ಲೀಟರ್ ಇರುತ್ತದೆ. ಗೇಜ್ 1,100ಕ್ಕೆ ಇಳಿದರೆ 330 ಲೀಟರ್ ಉಳಿದಿದೆ ಅಂತ ಅರ್ಥ, ನಿಮಿಷಕ್ಕೆ 5 ಲೀಟರ್ ಬಿಟ್ಟರೆ 66 ನಿಮಿಷ ಬರುತ್ತದೆ. ಇದೇ ಲೆಕ್ಕವನ್ನು ನೈಟ್ರಸ್ ಆಕ್ಸೈಡ್‌ಗೆ ಹಾಕಿದರೆ ಪೂರ್ತಿ ತಪ್ಪು. ಅದು ಸಿಲಿಂಡರ್‌ನಲ್ಲಿ ದ್ರವ ರೂಪದಲ್ಲಿ ಇರುತ್ತದೆ. ಒಳಗೆ ಸ್ವಲ್ಪ ದ್ರವ ಇರುವವರೆಗೂ ಗೇಜ್ 745ರಲ್ಲೇ ನಿಂತಿರುತ್ತದೆ, ಅದು ಇಳಿಯಲು ಶುರುವಾಗುವ ಹೊತ್ತಿಗೆ ಮುಕ್ಕಾಲು ಭಾಗ ಖಾಲಿ ಆಗಿರುತ್ತದೆ. ಸಂಖ್ಯೆ ಮಾತ್ರ ಬಾಯಿಪಾಠ ಮಾಡಿದವರು ಪ್ರಶ್ನೆ ಸ್ವಲ್ಪ ತಿರುಗಿಸಿದರೂ ಸಿಕ್ಕಿಬೀಳುತ್ತಾರೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಕಾರಣ ಸಮೇತ ಬರೆಯಲು ಬಂದರೆ ಮಾತ್ರ ಗೊತ್ತು ಅಂತ ಲೆಕ್ಕ.

ಕ್ಲಿನಿಕಲ್ ಶುರುವಾದ ಮೇಲೆ ಬೇರೆ ತರಹದ ಕಷ್ಟ. ಕನಿಷ್ಠ 600 ಕೇಸ್, 2,000 ಗಂಟೆ ಮುಗಿಸಬೇಕು. ಐಸಿಯುನಲ್ಲಿ ಎಲ್ಲರೂ ಸಲಹೆ ಕೇಳುತ್ತಿದ್ದ ನಿಮಗೆ ಇಲ್ಲಿ ಮಾಸ್ಕ್ ಹಿಡಿಯುವುದನ್ನೂ ಹೊಸದಾಗಿ ಹೇಳಿಕೊಡುತ್ತಾರೆ. ಕೆಲವು ಪ್ರಿಸೆಪ್ಟರ್‌ಗಳ (ಓಟಿಯಲ್ಲಿ ಕಲಿಸುವವರ) ಮಾತು ಒರಟಾಗಿಯೂ ಇರುತ್ತದೆ. ಮಾತಿನ ಧಾಟಿ ಬಿಟ್ಟು ಅದರಲ್ಲಿರುವ ವಿಷಯ ಮಾತ್ರ ತೆಗೆದುಕೊಳ್ಳಿ. ದಿನದ ಕೊನೆಗೆ "ನಾಳೆ ನಾನು ಬದಲಾಯಿಸಬೇಕಾದ ಒಂದು ವಿಷಯ ಹೇಳಿ" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾತು ಅವಮಾನದ ಮಟ್ಟಕ್ಕೆ ಹೋದರೆ ಸಹಿಸಿಕೊಂಡು ಕೂರಬೇಡಿ, ದಿನಾಂಕ ಸಮೇತ ಬರೆದು ಸ್ಕೂಲ್‌ಗೆ ತಿಳಿಸಿ.

ದುಡ್ಡಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಈ ಮೂರು ವರ್ಷ ಕೆಲಸ ಮಾಡುತ್ತಾ ಓದುತ್ತೇನೆ ಅನ್ನುವ ಲೆಕ್ಕ ಬಿಡಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆದುಕೊಳ್ಳುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಫೆಡರಲ್ (ಸರ್ಕಾರಿ) ಸಾಲ ಇಲ್ಲ, ಹಾಗಾಗಿ ಸೀಟು ಒಪ್ಪಿಕೊಳ್ಳುವ ಮುಂಚೆಯೇ ಫೈನಾನ್ಶಿಯಲ್ ಏಡ್ ಆಫೀಸ್‌ನಲ್ಲಿ ಪೂರ್ತಿ ಲೆಕ್ಕ ಕೇಳಿ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಇರುವವರಿಗೆ ಫೆಡರಲ್ ಸಾಲವೇ ಸಿಗುವುದಿಲ್ಲ.

ಸ್ಕೂಲ್‌ನಿಂದ ಹೊರಗೆ ಹಾಕಿದರೆ

ಇದೂ ಆಗುತ್ತದೆ, ಇದರ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಫೇಲ್ ಆಗುವ ಸೂಚನೆ ಮೊದಲೇ ಕಂಡರೆ, ಕೊನೆಯ ದಿನಕ್ಕೆ ಮುಂಚೆ ಕೋರ್ಸ್‌ನಿಂದ ಹಿಂದೆ ಸರಿಯಬಹುದಾ, ರಜೆ ಪಡೆದು ಮುಂದಿನ ಬ್ಯಾಚ್ ಜೊತೆ ಬರಬಹುದಾ ಅಂತ ಡೈರೆಕ್ಟರ್ ಹತ್ತಿರ ಕೇಳಿ. ಹೊರಗೆ ಹಾಕಿಯೇ ಬಿಟ್ಟರೆ ಮೇಲ್ಮನವಿ ಹಾಕಿ, ಆದರೆ ಅದರಲ್ಲಿ ಅನ್ಯಾಯ ಅಂತ ಕೂಗಾಡುವುದಕ್ಕಿಂತ ಹ್ಯಾಂಡ್‌ಬುಕ್‌ನ ಯಾವ ನಿಯಮ ಪಾಲನೆ ಆಗಿಲ್ಲ ಅಂತ ತೋರಿಸಿ. ಬೇರೆ ಸ್ಕೂಲ್‌ಗೆ ಅರ್ಜಿ ಹಾಕುವಾಗ ಹಿಂದೆ ಎಲ್ಲಾದರೂ ಅನಸ್ತೇಶಿಯಾ ಕೋರ್ಸ್‌ಗೆ ಸೇರಿದ್ದಿರಾ ಅಂತ ಕೇಳುತ್ತಾರೆ, ಹಳೆಯ ಡೈರೆಕ್ಟರ್‌ರಿಂದ ಪತ್ರವನ್ನೂ ಕೇಳಬಹುದು. ಆದ್ದರಿಂದ ಹೊರಗೆ ಬರುವಾಗ ಜಗಳ ಆಡಿಕೊಂಡು ಬರಬೇಡಿ. ಮುಚ್ಚಿಡಲೂ ಬೇಡಿ, ಸಿಕ್ಕಿಬಿದ್ದರೆ ಎರಡನೆಯ ಸೀಟೂ ಹೋಗುತ್ತದೆ.

ಕೊನೆಯ ಪರೀಕ್ಷೆ

ಸಿಆರ್‌ಎನ್‌ಎ ಆಗಲು ಕೊನೆಗೆ ಪಾಸಾಗಬೇಕಾದ ಎನ್‌ಸಿಇ ಅನ್ನುವ ರಾಷ್ಟ್ರೀಯ ಪರೀಕ್ಷೆ ನಿಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಕೊಡುತ್ತದೆ. 100ರಿಂದ 170 ಪ್ರಶ್ನೆ, 3 ಗಂಟೆ. 100ಕ್ಕೇ ನಿಲ್ಲಲಿಲ್ಲ ಅಂತ ಮಧ್ಯದಲ್ಲಿ ಗಾಬರಿಯಾಗಬೇಡಿ, 170 ಬಂದವರೂ ಪಾಸಾಗುತ್ತಾರೆ. ಅದಕ್ಕೆ ಮುಂಚೆ ಎಸ್‌ಇಇ ಅಂತ ಒಂದು ಸ್ವಯಂ ಪರೀಕ್ಷೆ ಇದೆ, 240 ಪ್ರಶ್ನೆ. ಅದರಲ್ಲಿ ಯಾವ ವಿಭಾಗ ಕಡಿಮೆ ಬಂತೋ ಅಲ್ಲಿಂದಲೇ ಓದು ಶುರು ಮಾಡಿ. ಎನ್‌ಸಿಇ ಫೇಲ್ ಆದರೂ ಮತ್ತೆ ಬರೆಯಲು ಅವಕಾಶ ಇದೆ. ಫಲಿತಾಂಶದ ವರದಿಯಲ್ಲಿ ವಿಭಾಗವಾರು ವಿವರ ಇರುತ್ತದೆ, ಅದನ್ನು ಹಿಡಿದುಕೊಂಡು ಸ್ಕೂಲ್‌ನ ಯಾರಾದರೂ ಒಬ್ಬ ಪ್ರೊಫೆಸರ್ ಜೊತೆ ಕೂತು ಓದಿನ ಪಟ್ಟಿ ಮಾಡಿಕೊಳ್ಳಿ. ಕೋರ್ಸ್ ಮುಗಿದ ಮೇಲೂ ಅವರು ಸಹಾಯ ಮಾಡುತ್ತಾರೆ, ಯಾಕೆಂದರೆ ಪ್ರತಿ ಸ್ಕೂಲ್ ತನ್ನ ಪಾಸ್ ಪ್ರಮಾಣವನ್ನು ವೆಬ್‌ಸೈಟ್‌ನಲ್ಲಿ ಹಾಕಲೇಬೇಕು.